ಮುದ್ದೆನಾ, ಅನ್ನಾನಾ, ರೊಟ್ಟಿನಾ, ಓಟ್ಸಾ? ದಿನದ ಊಟಕ್ಕೆ ಯಾವ್ದು ಆರಿಸ್ಕೊಳ್ಳೋದು

ಎರಡು ವರ್ಷದ ಹಿಂದೆ ನಮ್ಮಪ್ಪಂಗೆ ಶುಗರ್ ಇದೆ ಅಂತ ಗೊತ್ತಾಯ್ತು. ಕಣ್ಣು ಮಂಜಾಗ್ತಿದೆ ಅಂತ ತೋರ್ಸೋಕೆ ಹೋದಾಗ ರಕ್ತ ಪರೀಕ್ಷೆನೂ ಮಾಡ್ಸಿ ಅಂದ್ರು, ರಿಪೋರ್ಟ್ ನೋಡಿದ್ರೆ ಮೂರು ತಿಂಗಳ ಶುಗರ್ ಸರಾಸರಿ (HbA1c) ಶೇ 8.4. ಅವತ್ತು ಸಾಯಂಕಾಲದಿಂದ್ಲೇ ಸಲಹೆ ಶುರು. ಪಕ್ಕದ್ಮನೆಯವ್ರು ಅನ್ನ ಮುಟ್ಲೇಬೇಡಿ, ಸಿರಿಧಾನ್ಯ ತಿನ್ನಿ, ಆರು ತಿಂಗಳಿಗೆ ಮಾತ್ರೆನೇ ಬಿಡ್ಬೋದು ಅಂದ್ರು. ಜಿಮ್‌ಗೆ ಹೋಗೋ ಚಿಕ್ಕಪ್ಪನ ಮಗ ಓಟ್ಸು, ಮೊಟ್ಟೆ ಬಿಳಿಭಾಗ, ಪ್ರೋಟೀನ್ ಪೌಡರ್ ಅಂದ. ನಮ್ಮಮ್ಮ ತುಮಕೂರು ಕಡೆಯವಳು, ಅವಳಿಗೆ ಮುದ್ದೆ ಬಿಟ್ರೆ ಬೇರೆ ಊಟಾನೇ ಊಟ ಅಲ್ಲ. ನಮ್ಮನೆಯವಳು ಧಾರವಾಡದವಳು, ಅವಳು ಮೊದಲ ದಿನದಿಂದ್ಲೂ ಜೋಳದ ರೊಟ್ಟಿ ಪರ. ಇಷ್ಟು ಜನ ಇಷ್ಟು ಪ್ರೀತಿಯಿಂದ ಹೇಳ್ವಾಗ ಅಪ್ಪಂಗೆ ಯಾರ ಮಾತು ಕೇಳ್ಬೇಕು ಅಂತಾನೇ ತಿಳೀದೆ ಎರಡು ದಿನ ಸರಿಯಾಗಿ ಊಟಾನೇ ಮಾಡ್ಲಿಲ್ಲ, ಅದನ್ನ ನೋಡಿ ನಂಗೆ ತುಂಬಾ ಸಂಕಟ ಆಯ್ತು.

ಆಮೇಲೆ ಒಂದು ಗ್ಲುಕೋಮೀಟರ್ ತಂದ್ವಿ. ಊಟಕ್ಕೆ ಕೂತ ಟೈಮ್ ಬರ್ಕೊಂಡು ಅಲ್ಲಿಂದ ಎರಡು ಗಂಟೆಗೆ ಬೆರಳು ಚುಚ್ಚಿ, ದಿನಸಿ ಅಂಗಡಿಯವ್ರು ಕೊಟ್ಟಿದ್ದ ಗೋಡೆ ಕ್ಯಾಲೆಂಡರಲ್ಲಿ ಆ ದಿನದ ಚೌಕದೊಳಗೆ ಏನು ತಿಂದ್ರು, ಎಷ್ಟು ಬಂತು ಅಂತ ಪೆನ್ಸಿಲ್ಲಲ್ಲಿ ಬರೀತಾ ಹೋದ್ವಿ. ಜೊತೆಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವ್ರ ಪಟ್ಟಿಗಳನ್ನ ಕೂತು ಓದ್ದೆ. ಈ ಬರಹ ಅಲ್ಲಿಂದ ಹುಟ್ಟಿದ್ದು. ನಾನು ಡಾಕ್ಟರ್ ಅಲ್ಲ, ಮನೆಗೆ ದಿನಸಿ ತರೋನು, ವಾರಕ್ಕೆ ನಾಲ್ಕು ದಿನ ಅಡುಗೆ ಮಾಡೋನು. ಅಪ್ಪನ ನಂಬರ್ರು ಅಪ್ಪಂದು ಮಾತ್ರ, ನಿಮ್ಮ ಮೈಗೆ ಬೇರೆ ಥರ ಬರ್ಬೋದು. ಆದ್ರೆ ನಮ್ಮ ರಾಜ್ಯದ ಎಷ್ಟೋ ಮನೆಗಳಲ್ಲಿ ಇದೇ ಗೊಂದಲ ಇದೆ ಅನ್ನೋದು ನಂಗೆ ಗೊತ್ತು, 2023ರಲ್ಲಿ ಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಜಾಸ್ತಿ ಜನಕ್ಕೆ ಶುಗರ್ ಇದೆ, ಇನ್ನೂ 13 ಕೋಟಿಗಿಂತ ಜಾಸ್ತಿ ಜನ ಅದರ ಹೊಸ್ತಿಲಲ್ಲಿ ನಿಂತಿದಾರೆ.

ಮೊದ್ಲು ಎಷ್ಟು, ಆಮೇಲೆ ಯಾವ್ದು

ಎಲ್ಲರೂ ಕೇಳೋದು ಅಕ್ಕಿ ಒಳ್ಳೇದಾ ರಾಗಿ ಒಳ್ಳೇದಾ ಅಂತ. ನಾನು ಕಂಡ್ಕೊಂಡಿದ್ದು ಏನಂದ್ರೆ ಧಾನ್ಯ ಬದಲಾಯಿಸೋದು ಎರಡನೇ ಕೆಲಸ, ತಟ್ಟೇಲಿ ಧಾನ್ಯ ಎಷ್ಟಿದೆ, ಅದರ ಪಕ್ಕ ಏನಿದೆ ಅನ್ನೋದನ್ನ ಸರಿ ಮಾಡೋದು ಮೊದಲನೇ ಕೆಲಸ. 2024ರಲ್ಲಿ ಪೋಷಣಾ ಸಂಸ್ಥೆ ಹೊಸ ಆಹಾರ ಮಾರ್ಗಸೂಚಿ ತಂತು, 2000 ಕ್ಯಾಲೊರಿ ಬೇಕಾದವ್ರಿಗೆ ಒಂದು ದಿನದ ತಟ್ಟೆ ಹೇಗಿರ್ಬೇಕು ಅಂತ ಅದ್ರಲ್ಲಿದೆ. ಧಾನ್ಯ 250 ಗ್ರಾಂ, ತರಕಾರಿ ಸೊಪ್ಪು ಸೇರಿ 400 ಗ್ರಾಂ, ಹಣ್ಣು 100 ಗ್ರಾಂ, ಬೇಳೆ ಕಾಳು ಅಥವಾ ಮೊಟ್ಟೆ ಮಾಂಸ 85 ಗ್ರಾಂ, ಹಾಲು ಮೊಸರು 300 ಎಂಎಲ್, ಕಡಲೆಕಾಯಿ ಬಾದಾಮಿ ಎಳ್ಳು ಇಂಥವು 35 ಗ್ರಾಂ, ಎಣ್ಣೆ 27 ಗ್ರಾಂ. ಧಾನ್ಯ ಅಂದ್ರೆ ಬೇಯಿಸೋಕೆ ಮುಂಚಿನ ತೂಕ.

ಈ 250 ಗ್ರಾಂ ಎಷ್ಟು ಕಮ್ಮಿ ಅನ್ನೋದು ಅಳತೆ ಮಾಡಿದಾಗ್ಲೇ ಗೊತ್ತಾಗೋದು. ಅಮ್ಮನ ಹತ್ರ ಹಿತ್ತಾಳೆ ಪಾವು ಇದೆ, ಅದರ ತುಂಬಾ ಅಕ್ಕಿ ಹಾಕಿ ಅಡುಗೆಮನೆ ಸ್ಕೇಲ್ ಮೇಲೆ ಸುರಿದ್ರೆ 200 ಗ್ರಾಂ ಆಸುಪಾಸು ತೋರಿಸ್ತು. ನಾವು ನಾಲ್ಕು ಜನಕ್ಕೆ ಮಧ್ಯಾಹ್ನ ಎರಡೂವರೆ ಪಾವು, ರಾತ್ರಿ ಎರಡು ಪಾವು ಇಡ್ತಿದ್ವಿ. ಅಲ್ಲಿಗೇ ತಲೆಗೆ 225 ಗ್ರಾಂ ಆಯ್ತು, ಬೆಳಗ್ಗೆ ದೋಸೆ, ಸಾಯಂಕಾಲ ಅವಲಕ್ಕಿ, ಟೀ ಜೊತೆ ಬಿಸ್ಕತ್ತು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ತರಕಾರಿ ಕಡೆ ನೋಡಿದ್ರೆ ಸಾಂಬಾರಲ್ಲಿ ತೇಲೋ ನಾಲ್ಕು ಹೋಳು. ಬೇಳೆ ನಾಲ್ಕು ಜನಕ್ಕೆ ಒಂದು ಹಿಡಿ.

ಹಂಗಾಗಿ ಮೊದಲ ತಿಂಗಳು ಯಾವ ಧಾನ್ಯನೂ ಬದಲಾಯಿಸ್ಲಿಲ್ಲ. ಅದೇ ಸೋನಾ ಮಸೂರಿ, ಅದೇ ಸಾರು. ಅನ್ನ ಅರ್ಧಕ್ಕೆ ಇಳಿಸಿ ಪಲ್ಯ ದುಪ್ಪಟ್ಟು ಮಾಡಿದ್ವಿ, ಜೊತೆಗೆ ಒಂದು ಬಟ್ಟಲು ಹೆಸರುಕಾಳು ಉಸಲಿನೋ ಕಡಲೆಕಾಳಿಂದೋ ಇಟ್ವಿ, ಪಲ್ಯ ಉಸಲಿ ಮೊದಲು ತಿಂದು ಅನ್ನ ಕೊನೇಲಿ. ಕ್ಯಾಲೆಂಡರಲ್ಲಿ ಊಟ ಆದ್ಮೇಲಿನ ಶುಗರ್ 230, 245 ಅಂತಿದ್ದದ್ದು 170, 180ಕ್ಕೆ ಬಂತು. ಮಾತ್ರೆನೂ ಶುರುವಾಗಿತ್ತು, ಪೂರ್ತಿ ಊಟದಿಂದ್ಲೇ ಅಂತ ನಾನು ಹೇಳಲ್ಲ, ಆದ್ರೆ ಅದೇ ಮಾತ್ರೆ ತಗೊಂಡೂ ಮದುವೆ ಮನೇಲಿ ಅನ್ನದ ಊಟ ಮಾಡ್ಕೊಂಡು ಬಂದ ದಿನ ಮತ್ತೆ 240 ಮೇಲೆ ಹೋಗಿತ್ತು.

ಅನ್ನ, ಮುದ್ದೆ, ರೊಟ್ಟಿ, ಚಪಾತಿ

ಈಗ ಧಾನ್ಯದ ಮಾತು. 100 ಗ್ರಾಂ ಲೆಕ್ಕದಲ್ಲಿ ಹೇಳ್ತೀನಿ. ಪಾಲಿಶ್ ಅಕ್ಕೀಲಿ ನಾರು ಸುಮಾರು 3 ಗ್ರಾಂ. ರಾಗಿ, ಜೋಳ, ಗೋಧಿ ಹಿಟ್ಟು ಮೂರರಲ್ಲೂ 10ರಿಂದ 11 ಗ್ರಾಂ. ಇದೇ ದೊಡ್ಡ ವ್ಯತ್ಯಾಸ. ಪ್ರೋಟೀನ್ ನೋಡಿದ್ರೆ ಜೋಳ ಗೋಧಿ 10 ಗ್ರಾಂ ಹತ್ರ, ಅಕ್ಕಿ 8ರ ಹತ್ರ, ರಾಗಿ 7. ರಾಗೀಲಿ ಪ್ರೋಟೀನ್ ಜಾಸ್ತಿ ಅಂತ ತುಂಬಾ ಜನ ತಿಳ್ಕೊಂಡಿದಾರೆ, ಅದು ತಪ್ಪು, ಅಕ್ಕಿಗಿಂತ ಒಂಚೂರು ಕಮ್ಮೀನೇ. ಆದ್ರೆ ಕ್ಯಾಲ್ಸಿಯಂ ವಿಷಯಕ್ಕೆ ಬಂದ್ರೆ ರಾಗಿ ಹತ್ರ ಯಾವ ಧಾನ್ಯನೂ ಬರಲ್ಲ, 350 ಮಿಲಿಗ್ರಾಂಗಿಂತ ಜಾಸ್ತಿ ಇದೆ, ಗೋಧೀಲಿ 30ರ ಆಸುಪಾಸು, ಅಕ್ಕೀಲಿ 10 ಕೂಡ ಇಲ್ಲ. ಬೆಳೆಯೋ ಮಕ್ಳು, ಬಾಣಂತಿಯರು, ಐವತ್ತು ದಾಟಿದ ಹೆಂಗಸ್ರು ಇರೋ ಮನೇಲಿ ರಾಗಿ ಇರ್ಲೇಬೇಕು ಅಂತ ನಾನು ಹೇಳೋದು ಇದಕ್ಕೇ.

ಮುದ್ದೆ ಬಗ್ಗೆ ಎರಡು ಮಾತು. ಮುದ್ದೇನ ನಾವು ಅಗಿಯಲ್ಲ, ನುಂಗ್ತೀವಿ. ಹಂಗಾಗಿ ದೊಡ್ಡ ಮುದ್ದೆ ಎರಡು ನಿಮಿಷದಲ್ಲಿ ಹೊಟ್ಟೆಗೆ ಹೋಗಿರುತ್ತೆ, ಇನ್ನೊಂದು ಅರ್ಧ ಹಾಕು ಅಂತ ಬಾಯಿಗೆ ಬರುತ್ತೆ. ಹೊಲದಲ್ಲಿ ದಿನವಿಡೀ ಗುದ್ದಲಿ ಹಿಡಿದೋರಿಗೆ ಅದು ಸರಿ, ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ ಅನ್ನೋ ಮಾತು ಹುಟ್ಟಿದ್ದೇ ಬೆಟ್ಟ ಕೀಳೋ ಥರ ದುಡಿಯೋರ ಮಧ್ಯೆ. ಅಪ್ಪ ರಿಟೈರ್ ಆಗಿ ಏಳು ವರ್ಷ ಆಗಿದೆ, ಮುದ್ದೆ ಸೈಜು ಮಾತ್ರ ಹೊಲದ ಕಾಲದ್ದೇ ಇತ್ತು. ಈಗ ಅಮ್ಮ ಕಿತ್ತಳೆ ಹಣ್ಣಿನ ಗಾತ್ರಕ್ಕೆ ಕಟ್ತಾಳೆ, ಒಂದೇ. ಎರಡನೇದು, ಮುದ್ದೆ ಒಳ್ಳೇದು ಅಂತ ಹೆಸರು ಬಂದಿದ್ದು ಮುದ್ದೆ ಒಂದ್ರಿಂದ ಅಲ್ಲ, ಅದರ ಜೊತೆ ಬರೋ ಬಸ್ಸಾರು, ಉಪ್ಪೆಸರು, ಮಸ್ಸೊಪ್ಪು, ಹುರುಳಿಕಾಳಿನ ಸಾರಿಂದ. ಬಸ್ಸಾರು ಅಂದ್ರೆ ನೋಡಿ, ಸೊಪ್ಪು ಕಾಳು ಒಟ್ಟಿಗೆ ಬೇಯಿಸಿ, ಕಟ್ಟು ಬಸಿದು ಅದ್ರಲ್ಲಿ ಸಾರು, ಬಸಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟು ಪಲ್ಯ. ಒಂದೇ ಪಾತ್ರೆಯಿಂದ ನಾರು, ಪ್ರೋಟೀನು, ಸೊಪ್ಪು ಮೂರೂ ಬಂದ್ವು, ಬೇಯಿಸಿದ ನೀರನ್ನೂ ಚೆಲ್ಲಲ್ಲ. ಅದೇ ಮುದ್ದೇನ ತೆಳ್ಳಗಿನ ಟೊಮೆಟೊ ಸಾರಲ್ಲಿ ತಿಂದ್ರೆ ಅಷ್ಟು ಉಪಯೋಗ ಇಲ್ಲ.

ರಾಗಿ ಅಂದ ತಕ್ಷಣ ಗಂಜಿ, ಮಾಲ್ಟ್ ಕೂಡ ಶುಗರ್‌ಗೆ ಒಳ್ಳೇದು ಅಂತ ಕುಡಿಯೋರಿದಾರೆ. ನಾವೂ ಕುಡಿಸಿದ್ವಿ. ನುಣ್ಣಗೆ ಬೀಸಿದ ಹಿಟ್ಟು, ತೆಳ್ಳಗೆ ಕಾಯಿಸಿದ್ದು, ಗಟಗಟ ಅಂತ ಕುಡಿದು ಎರಡು ಗಂಟೆಗೆ ನೋಡಿದ್ರೆ ಅನ್ನಕ್ಕಿಂತ ಜಾಸ್ತಿ ಬಂದಿತ್ತು. ಹಿಟ್ಟು ನುಣ್ಣಗಾದಷ್ಟೂ, ನೀರಾದಷ್ಟೂ ರಕ್ತಕ್ಕೆ ಬೇಗ ಇಳಿಯುತ್ತೆ, ಯಾವ ಧಾನ್ಯ ಆದ್ರೂ ಅಷ್ಟೇ. ಮಕ್ಕಳಿಗೆ ಮೊಳಕೆ ಕಟ್ಟಿದ ರಾಗಿ ಮಾಲ್ಟ್ ಬಹಳ ಒಳ್ಳೇದು, ಮೊಳಕೆ ಬಂದಾಗ ಕಬ್ಬಿಣ ಅಂಶ ಮೈಗೆ ಹತ್ತೋದನ್ನ ತಡೆಯೋ ಫೈಟೇಟ್ ಕಮ್ಮಿ ಆಗುತ್ತೆ. ಶುಗರ್ ಇರೋರು ಮಾತ್ರ ಮುದ್ದೆನೋ ರೊಟ್ಟಿನೋ ತಿನ್ನೋದು ವಾಸಿ.

ಜೋಳದ ರೊಟ್ಟಿ ವಿಷಯದಲ್ಲಿ ನಮ್ಮನೆಯವಳು ಗೆದ್ಲು ಅಂತಾನೇ ಹೇಳ್ಬೇಕು. ರೊಟ್ಟಿ ಅಗಿದು ತಿನ್ಬೇಕು, ಎರಡು ರೊಟ್ಟಿಗೆ ಹೊಟ್ಟೆ ತುಂಬುತ್ತೆ, ತಟ್ಟೋಕೆ ಎಣ್ಣೆ ಬೇಡ. "ಮಾವಾರ, ಇನ್ನೊಂದು ರೊಟ್ಟಿ ಹಾಕ್ಲೇನ್ರಿ" ಅಂತ ಅವಳು ಕೇಳಿದ್ರೆ ಅಪ್ಪನೇ ಸಾಕಮ್ಮ ಅಂತಾರೆ, ಮುದ್ದೆಗೆ ಅವ್ರು ಯಾವತ್ತೂ ಸಾಕು ಅಂದಿದ್ದು ನಾನು ನೋಡಿಲ್ಲ. ಅವಳ ಊರಿನ ಊಟದ ಕ್ರಮಾನೇ ಹಂಗಿದೆ, ರೊಟ್ಟಿ ಜೊತೆ ಮಡಕಿ ಕಾಳಿನ ಪಲ್ಯ, ಪುಂಡಿಪಲ್ಯ, ಹಸಿ ಸೌತೆಕಾಯಿ, ಮೆಂತ್ಯ ಸೊಪ್ಪು, ಈರುಳ್ಳಿ, ಶೇಂಗಾ ಚಟ್ನಿ, ಮೊಸರು, ಕೊನೇಲಿ ಒಂದು ಸ್ವಲ್ಪ ಅನ್ನ. ಪೋಷಣಾ ಸಂಸ್ಥೆಯವ್ರ ತಟ್ಟೆ ಚಿತ್ರ ನೋಡಿದಾಗ ನಂಗೆ ನೆನಪಾಗಿದ್ದು ನಮ್ಮತ್ತೆ ಬಡಿಸಿದ ಆ ತಟ್ಟೆ. ಬೆಂಗಳೂರಲ್ಲಿರೋರಿಗೆ ಕಷ್ಟ ಏನಂದ್ರೆ ಜೋಳದ ಹಿಟ್ಟು ಹಳೇದಾದ್ರೆ ಕಹಿ ಬರುತ್ತೆ, ತಟ್ಟುವಾಗ ಬಿರಿಯುತ್ತೆ. ಬಿಳಿಜೋಳ ತಂದು ಗಿರಣೀಲಿ ಎರಡು ಎರಡು ಕೆಜಿನೇ ಬೀಸಿಸ್ಕೊಳ್ಳಿ. ತಟ್ಟೋಕೆ ಬರಲ್ಲ ಅಂದ್ರೆ ಕಡಕ್ ರೊಟ್ಟಿ ಸಿಗುತ್ತಲ್ಲ, ತಿಂಗಳುಗಟ್ಟಲೆ ಇರುತ್ತೆ, ಅದೂ ಅದೇ ಜೋಳ.

ಚಪಾತಿ ಅನ್ನಕ್ಕಿಂತ ಪರವಾಗಿಲ್ಲ, ಹಿಟ್ಟು ಜರಡಿ ಹಿಡಿದು ತೌಡು ಚೆಲ್ಲದೇ ಇದ್ರೆ. ರಾತ್ರಿ ಅನ್ನ ಬಿಟ್ಟು ಚಪಾತಿ ತಿನ್ತೀನಿ ಅಂತ ಎಣ್ಣೆ ಸವರಿದ ನಾಲ್ಕು ಚಪಾತಿ, ಆಲೂಗಡ್ಡೆ ಪಲ್ಯ ತಿಂದ್ರೆ ಏನೂ ಉಳಿತಾಯ ಆಗಲ್ಲ, ಆಲೂಗಡ್ಡೇನ ನಾನು ತರಕಾರಿ ಲೆಕ್ಕಕ್ಕೆ ಹಿಡಿಯೋದೇ ಇಲ್ಲ. ಮೈದಾ ಪರೋಟ ಈ ಹೋಲಿಕೆಗೇ ಬರಲ್ಲ.

ಅನ್ನಾನೇ ಬೇಕು ಅನ್ನೋರಿಗೆ ಕರಾವಳಿಯ ಕುಚಲಕ್ಕಿ ಇದೆ. ನಮ್ಮಕ್ಕನ್ನ ಉಡುಪಿ ಕಡೆ ಕೊಟ್ಟಿರೋದು, ಅವಳ ಮನೇಲಿ ದಿನಾ ಅದೇ. ಭತ್ತಾನ ಹೊಟ್ಟಿನ ಸಮೇತ ಬೇಯಿಸಿ ಒಣಗಿಸಿ ಆಮೇಲೆ ಅಕ್ಕಿ ಮಾಡ್ತಾರೆ, ಬೇಯಿಸುವಾಗ ತೌಡಲ್ಲಿರೋ ಬಿ ವಿಟಮಿನ್‌ಗಳು ಕಾಳಿನ ಒಳಕ್ಕೆ ಹೋಗಿ ಕೂತ್ಕೊಳ್ಳುತ್ತೆ, ಕೆಂಪು ಕುಚಲಕ್ಕಿ ಆದ್ರೆ ಮೇಲಿನ ಪದರಾನೂ ಸ್ವಲ್ಪ ಉಳಿದಿರುತ್ತೆ. ಸೋನಾ ಮಸೂರಿ ತಿಂದು ಅಭ್ಯಾಸ ಆದೋರಿಗೆ ಮೊದಲು ಗಂಟಲಲ್ಲಿ ಇಳಿಯಲ್ಲ, ಹದಿನೈದು ದಿನ ಬೇಕು. ಬೇಯೋಕೆ ಟೈಮ್ ಹಿಡಿಯುತ್ತೆ, ಗ್ಯಾಸ್ ಖರ್ಚು ಜಾಸ್ತಿ.

ರೇಷನ್ ಅಕ್ಕಿ ಬಗ್ಗೆನೂ ಒಂದು ಮಾತು ಹೇಳ್ಲೇಬೇಕು. ಇತ್ತೀಚಿನ ವರ್ಷಗಳಲ್ಲಿ ಅದ್ರಲ್ಲಿ ಬೇರೆ ಥರ ಕಾಣೋ, ನೀರಲ್ಲಿ ತೇಲೋ ಕಾಳು ಬಂದ್ರೆ ಪ್ಲಾಸ್ಟಿಕ್ ಅಕ್ಕಿ ಅಂತ ಆರಿಸಿ ಬಿಸಾಕ್ತಾರೆ. ನಮ್ಮ ಊರಲ್ಲೂ ಮೊರದಲ್ಲಿ ಹಾಕ್ಕೊಂಡು ಒಂದೊಂದೇ ಆರಿಸ್ತಿದ್ದದ್ದನ್ನ ಕಣ್ಣಾರೆ ನೋಡಿದೀನಿ. ಅದು ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಸೇರಿಸಿ ಅಚ್ಚು ಹಾಕಿದ ಕಾಳು, ನೂರು ಕಾಳಿಗೆ ಒಂದರಂತೆ ಬೆರೆಸಿದ್ದು. ರಕ್ತಹೀನತೆ ಇರೋ ಮನೇಲೇ ಅದನ್ನ ಆರಿಸಿ ಚೆಲ್ಲೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ. ದಯವಿಟ್ಟು ಚೆಲ್ಬೇಡಿ.

ಸಿರಿಧಾನ್ಯ: ಯಾರಿಗೆ, ಹೇಗೆ

ನವಣೆ, ಸಾಮೆ, ಹಾರಕ, ಊದಲು, ಬರಗು, ಕೊರಲೆ. 2023ನ್ನ ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಮಾಡಿದ್ಮೇಲಂತೂ ಎಲ್ಲಾ ಅಂಗಡೀಲೂ ಸಿಗ್ತಿದೆ. ಮಳೆ ಕಮ್ಮಿ ಇರೋ ಕಡೆ ಗೊಬ್ಬರ ಔಷಧಿ ಹೆಚ್ಚು ಬೇಡದೆ ಬೆಳೆಯೋ ಬೆಳೆ, ರೈತರಿಗೂ ಒಳ್ಳೇದು, ನಂಗೆ ಅದರ ಮೇಲೆ ಗೌರವ ಇದೆ. ಆದ್ರೆ ಕೊಳ್ಳೋ ಮುಂಚೆ ಮೂರು ವಿಷಯ ತಿಳ್ಕೊಳ್ಳಿ.

ಒಂದು, ಪಾಲಿಶ್. ಅಕ್ಕಿ ಥರಾನೇ ಸಿರಿಧಾನ್ಯಕ್ಕೂ ಪಾಲಿಶ್ ಮಾಡ್ತಾರೆ, ಬೇಗ ಬೇಯ್ಲಿ, ಹುಳ ಹಿಡಿಯದೇ ಇರ್ಲಿ ಅಂತ. ಬೆಳ್ಳಗೆ ಮಿಂಚ್ತಿದ್ರೆ ತೌಡು ಹೋಗಿದೆ ಅಂತ ಅರ್ಥ, ಆಗ ಎರಡು ಮೂರು ಪಟ್ಟು ದುಡ್ಡು ಕೊಟ್ಟು ಅಕ್ಕಿ ಹತ್ತಿರದ್ದನ್ನೇ ತಂದಂಗಾಯ್ತು. ಸ್ವಲ್ಪ ಮಂಕಾಗಿ, ಕೈಗೆ ತೌಡಿನ ಪುಡಿ ಅಂಟೋ ಥರ ಇರೋದನ್ನ ಕೇಳಿ ತಗೊಳ್ಳಿ. ಎರಡು, ಅದೂ ಧಾನ್ಯನೇ. ಅದ್ರಲ್ಲೂ ಹಿಟ್ಟಿನಂಶಾನೇ ಮುಖ್ಯ, ಎಷ್ಟು ಬೇಕಾದ್ರೂ ತಿನ್ಬೋದು ಅಂತಲ್ಲ. ಮೂರು, ಇದೇ ಎಲ್ಲಕ್ಕಿಂತ ಮುಖ್ಯ, ಯಾವ ಧಾನ್ಯನೂ ಔಷಧಿ ಅಲ್ಲ. ನಮಗೆ ಬೇಕಾದವ್ರೊಬ್ರು ಸಿರಿಧಾನ್ಯ ಶುರು ಮಾಡಿ ಶುಗರ್ ಮಾತ್ರೆ ತಾವೇ ನಿಲ್ಲಿಸ್ಬಿಟ್ರು, ನಾಲ್ಕು ತಿಂಗಳಿಗೆ ಕಾಲಿನ ಗಾಯ ಮಾಯದೆ ಆಸ್ಪತ್ರೆ ಸೇರಿದ್ರು. ಊಟ ಬದಲಾಯಿಸಿ, ನಂಬರ್ ಇಳಿದ್ರೆ ಡಾಕ್ಟರೇ ಡೋಸ್ ಕಮ್ಮಿ ಮಾಡ್ತಾರೆ. ಥೈರಾಯ್ಡ್ ತೊಂದರೆ ಇರೋರು ಸಜ್ಜೆಯಂಥ ಧಾನ್ಯ ದಿನಾ ತಿನ್ನೋ ಮುಂಚೆ ಒಂದ್ಸಲ ಕೇಳ್ಕೊಳ್ಳಿ.

ಅಡುಗೆ ವಿಷಯ ಹೇಳೋದಾದ್ರೆ, ಸಾಮೆ ಬಿಸಿಬೇಳೆಬಾತ್ ತುಂಬಾ ಚೆನ್ನಾಗಿ ಬರುತ್ತೆ, ಬೇಳೆ ತರಕಾರಿ ಹೆಂಗೂ ಇರುತ್ತಲ್ಲ. ನವಣೆ ಉಪ್ಪಿಟ್ಟು ಕೂಡ. ಆರೇಳು ಗಂಟೆ ನೆನೆಸಿ ಬೇಯಿಸಿ, ಇಲ್ದಿದ್ರೆ ವಯಸ್ಸಾದವ್ರಿಗೆ ಹೊಟ್ಟೆ ಉಬ್ಬರ ಆಗುತ್ತೆ. ಬರೀ ಅನ್ನದ ಥರ ಮಾಡಿ ಸಾರು ಹಾಕ್ಕೊಂಡು ತಿನ್ನೋಕೆ ನಮ್ಮನೇಲಿ ಯಾರಿಗೂ ಇಷ್ಟ ಆಗ್ಲಿಲ್ಲ. ಇಷ್ಟ ಇಲ್ದಿರೋದು ಒಂದು ತಿಂಗಳಿಗಿಂತ ಜಾಸ್ತಿ ಮನೇಲಿ ಉಳಿಯಲ್ಲ, ಅದಕ್ಕೆ ನಾವು ವಾರಕ್ಕೆ ಎರಡು ಸಲ ಈ ಥರ ಬಾತು ಉಪ್ಪಿಟ್ಟಿಗಷ್ಟೇ ಇಟ್ಕೊಂಡಿದೀವಿ.

ಬೆಳಗಿನ ತಿಂಡಿ

ಇಡ್ಲಿ, ದೋಸೆ ಹಿಟ್ಟು ಹುದುಗಿರೋದ್ರಿಂದ ಜೀರ್ಣಕ್ಕೆ ಸುಲಭ, ಪೋಷಕಾಂಶನೂ ಚೆನ್ನಾಗಿ ಹತ್ತುತ್ತೆ. ಆದ್ರೆ ಉದ್ದು ಎಷ್ಟು ಹಾಕ್ತೀರಾ ಅನ್ನೋದರ ಮೇಲೆ ಅದರ ಗುಣ ನಿಂತಿದೆ. ಒಂದು ಲೋಟ ಉದ್ದಿಗೆ ಎರಡು ಲೋಟ ಇಡ್ಲಿ ರವೆ ಹಾಕಿದ್ದಕ್ಕೂ ನಾಲ್ಕು ಲೋಟ ಹಾಕಿದ್ದಕ್ಕೂ ತುಂಬಾ ವ್ಯತ್ಯಾಸ. ನಮ್ಮನೇಲಿ ಈಗ ರವೇಲಿ ಅರ್ಧ ರಾಗಿ ಹಿಟ್ಟು ಬೆರೆಸ್ತೀವಿ, ಚಟ್ನಿ ಜೊತೆಗೆ ಸಾಂಬಾರು ಇರ್ಲೇಬೇಕು. ಪೆಸರಟ್ಟು, ಅಡೆ ದೋಸೆ ಥರ ಬೇಳೆ ಕಾಳಿನ ದೋಸೆ ಆದ್ರೆ ಇನ್ನೂ ಒಳ್ಳೇದು, ನಾನು ತಿಂಡಿಗಳಲ್ಲಿ ಇವಕ್ಕೇ ಮೊದಲ ಸ್ಥಾನ ಕೊಡೋದು. ಬರೀ ರವೆ ಉಪ್ಪಿಟ್ಟು, ಬರೀ ಅವಲಕ್ಕಿ ಒಗ್ಗರಣೆ ತಿಂದ್ರೆ ಹನ್ನೊಂದು ಗಂಟೆಗೇ ಹಸಿವು, ಅದಕ್ಕೆ ಒಂದು ಹಿಡಿ ಕಡಲೆಬೀಜ, ಬಟಾಣಿ, ಕ್ಯಾರೆಟ್, ಬೀನ್ಸ್ ಬಿದ್ರೆ ಸರಿಯಾಗುತ್ತೆ.

ಓಟ್ಸ್ ಕೆಟ್ಟದ್ದಲ್ಲ. ಅದ್ರಲ್ಲಿರೋ ಬೀಟಾ ಗ್ಲೂಕಾನ್ ಅನ್ನೋ ನಾರು ಕೆಟ್ಟ ಕೊಲೆಸ್ಟ್ರಾಲ್ ಇಳಿಸೋಕೆ ಸಹಾಯ ಮಾಡುತ್ತೆ ಅನ್ನೋದು ಗಟ್ಟಿಯಾಗಿ ಸಾಬೀತಾಗಿರೋ ವಿಷಯ. ಆದ್ರೆ ತರೋದಾದ್ರೆ ಸಾದಾ ಓಟ್ಸ್ ತನ್ನಿ, ಎರಡು ನಿಮಿಷದ ಮಸಾಲಾ ಓಟ್ಸ್ ಬೇಡ, ಅದ್ರಲ್ಲಿ ಉಪ್ಪು ಜಾಸ್ತಿ. ಇಷ್ಟ ಇದ್ರೆ ತಿನ್ನಿ, ಇಷ್ಟ ಇಲ್ದಿದ್ರೆ ಓಟ್ಸ್ ತಿಂದ್ರೇನೇ ಆರೋಗ್ಯ ಅನ್ನೋ ಕಡ್ಡಾಯ ಏನಿಲ್ಲ, ಜೋಳದ ನುಚ್ಚು, ಗೋಧಿ ನುಚ್ಚು ನಮ್ಮಲ್ಲೇ ಇದೆ. ಕಾರ್ನ್‌ಫ್ಲೇಕ್ಸ್ ಮಾತ್ರ ನಾನು ಯಾರಿಗೂ ಹೇಳಲ್ಲ, ನಾರೂ ಕಮ್ಮಿ, ಪ್ರೋಟೀನೂ ಕಮ್ಮಿ, ಮೇಲೆ ಸಕ್ಕರೆ.

ಇನ್ನು ತಿಂಡಿ ಆದ ತಕ್ಷಣ ಕಾಫಿ ಟೀ ಕುಡಿಯೋದು. ಅದ್ರಲ್ಲಿರೋ ಅಂಶ ಊಟದ ಕಬ್ಬಿಣ ಮೈಗೆ ಹತ್ತದ ಹಂಗೆ ತಡೆಯುತ್ತೆ. ರಕ್ತ ಕಮ್ಮಿ ಇರೋ ಹೆಂಗಸ್ರು ಒಂದು ಗಂಟೆ ಬಿಟ್ಟು ಕುಡೀರಿ, ಊಟಕ್ಕೆ ನಿಂಬೆಹಣ್ಣು ಹಿಂಡ್ಕೊಳ್ಳಿ. ನಮ್ಮನೆಯವಳಿಗೆ ಹಿಮೋಗ್ಲೋಬಿನ್ 9 ಇದ್ದಾಗ ಡಾಕ್ಟರಮ್ಮ ಮಾತ್ರೆ ಜೊತೆಗೆ ಮೊದಲು ಹೇಳಿದ್ದೇ ಇದು.

ಕಾಳು, ಮೊಟ್ಟೆ, ಮೀನು, ಡಬ್ಬಿ ಪೌಡರ್

ನಮ್ಮ ಊಟದಲ್ಲಿ ನಿಜವಾಗ್ಲೂ ಕಮ್ಮಿ ಇರೋದು ಇಲ್ಲೇ. ಆರೋಗ್ಯವಾಗಿರೋ ದೊಡ್ಡವ್ರಿಗೆ ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು ಅಂತ ಐಸಿಎಂಆರ್ ಹೇಳುತ್ತೆ, 60 ಕೆಜಿ ಇದ್ರೆ ಸುಮಾರು 50 ಗ್ರಾಂ. ಹುರುಳಿ, ತೊಗರಿ, ಹೆಸರು ಯಾವುದೇ ತಗೊಂಡ್ರೂ 100 ಗ್ರಾಂಗೆ 22 ಗ್ರಾಂ ಆಸುಪಾಸು ಇದೆ. ಒಂದು ಮೊಟ್ಟೇಲಿ 6 ಗ್ರಾಂ. ಮೊಟ್ಟೆ ತಿನ್ನೋರಿಗೆ ಇಷ್ಟು ಕಮ್ಮಿ ದುಡ್ಡಿಗೆ ಇಷ್ಟು ಒಳ್ಳೆ ಪ್ರೋಟೀನ್ ಬೇರೆ ಎಲ್ಲೂ ಸಿಗಲ್ಲ, ಹಳದಿ ಬಿಸಾಕ್ಬೇಡಿ, ಬಿ12, ಎ ವಿಟಮಿನ್ ಎಲ್ಲಾ ಅದ್ರಲ್ಲೇ ಇರೋದು. ಕರಾವಳಿಯವ್ರಿಗೆ ಬಂಗುಡೆ, ಬೂತಾಯಿ ಇದೆ, ದುಬಾರಿ ಅಂಜಲ್‌ಗಿಂತ ಈ ಸಣ್ಣ ಮೀನಲ್ಲೇ ಒಮೆಗಾ 3 ಕೊಬ್ಬು ಚೆನ್ನಾಗಿರುತ್ತೆ. ಅಕ್ಕನ ಮನೇಲಿ ಬೂತಾಯಿ ಪುಳಿಮುಂಚಿ ಮಾಡಿದ ದಿನ ಅಪ್ಪ ಅನ್ನ ಕಮ್ಮಿ ತಿನ್ತಾರೆ, ಮೀನಲ್ಲೇ ಹೊಟ್ಟೆ ತುಂಬಿರುತ್ತೆ. ಕರಿದು ತಿಂದ್ರೆ ಲೆಕ್ಕ ಬೇರೆ.

ಪೂರ್ತಿ ಸಸ್ಯಾಹಾರಿಗಳು ಹಾಲು ಮೊಸರು ಬಿಡ್ಬೇಡಿ, ಬಿ12 ಸೊಪ್ಪು ಕಾಳಲ್ಲಿ ಸಿಗಲ್ಲ. ಕೈಕಾಲು ಜೋಮು, ವಿಪರೀತ ಸುಸ್ತು ಇದ್ರೆ ಒಂದ್ಸಲ ಟೆಸ್ಟ್ ಮಾಡ್ಸಿ. ಪ್ರೋಟೀನ್ ಪೌಡರ್ ವಿಷಯಕ್ಕೆ ಬಂದ್ರೆ, ಮೈ ಬೆಳೆಸೋಕೆ ಅಂತ ಅದನ್ನ ತಗೋಬೇಡಿ ಅಂತಾನೇ 2024ರ ಮಾರ್ಗಸೂಚೀಲಿ ಇದೆ. ಕಾಯಿಲೆಯಿಂದ ಏಳ್ತಿರೋರಿಗೆ ಡಾಕ್ಟರ್ ಬರ್ಕೊಟ್ರೆ ಅದು ಬೇರೆ. ಚಿಕ್ಕಪ್ಪನ ಮಗ ತಿಂಗಳಿಗೆ ಮೂರು ಸಾವಿರ ಅದಕ್ಕೇ ಖರ್ಚು ಮಾಡ್ತಿದ್ದ, ಆ ದುಡ್ಡಿಗೆ ದಿನಾ ನಾಲ್ಕು ಮೊಟ್ಟೆ, ಅರ್ಧ ಲೀಟರ್ ಹಾಲು, ಒಂದು ಬಟ್ಟಲು ಕಾಳು ಬಂದು ಇನ್ನೂ ದುಡ್ಡು ಉಳಿಯುತ್ತೆ ಅಂತ ಲೆಕ್ಕ ಹಾಕಿ ತೋರಿಸ್ದೆ, ಈಗ ಅದನ್ನೇ ಮಾಡ್ತಿದಾನೆ.

ಎಣ್ಣೆ

ಕಡಲೆಕಾಯಿ ಎಣ್ಣೆನಾ, ಸನ್‌ಫ್ಲವರಾ, ಕೊಬ್ಬರಿ ಎಣ್ಣೆನಾ, ತುಪ್ಪನಾ, ಗಾಣದ್ದಾ ರಿಫೈನ್ಡಾ ಅಂತ ಜಗಳ. ಇಲ್ಲೂ ಎಷ್ಟು ಅನ್ನೋದೇ ಮೊದಲು. ದಿನಕ್ಕೆ 27 ಗ್ರಾಂ ಲೆಕ್ಕದಲ್ಲಿ ತಿಂಗಳಿಗೆ ತಲೆಗೆ 900 ಎಂಎಲ್ ದಾಟ್ಬಾರ್ದು, ನಾಲ್ಕು ಜನರ ಮನೆಗೆ ಮೂರೂವರೆ ಲೀಟರ್, ತುಪ್ಪನೂ ಅದ್ರಲ್ಲೇ ಸೇರ್ತು. ನಾವು ಐದೂವರೆ ಲೀಟರ್ ಖರ್ಚು ಮಾಡ್ತಿದ್ವಿ.

ಕೊಬ್ಬರಿ ಎಣ್ಣೇಲಿ ಗಟ್ಟಿ ಕೊಬ್ಬು ಅಂದ್ರೆ ಸ್ಯಾಚುರೇಟೆಡ್ ಫ್ಯಾಟ್ ಸುಮಾರು ಶೇ 90, ತುಪ್ಪದಲ್ಲಿ ಶೇ 60ಕ್ಕೂ ಜಾಸ್ತಿ, ಪಾಮ್ ಎಣ್ಣೇಲಿ ಶೇ 50ರ ಹತ್ರ, ಕಡಲೆಕಾಯಿ ಎಣ್ಣೇಲಿ ಶೇ 20ರ ಹತ್ರ, ಸನ್‌ಫ್ಲವರಲ್ಲಿ ಇನ್ನೂ ಕಮ್ಮಿ. ಹಾರ್ಟ್ ತೊಂದರೆ, ಕೊಲೆಸ್ಟ್ರಾಲ್ ಇರೋರು ಮೊದಲ ಮೂರನ್ನ ಕಮ್ಮಿ ಮಾಡ್ಲೇಬೇಕು. ಕರಾವಳಿಯವ್ರು ತಲೆತಲಾಂತರದಿಂದ ಕೊಬ್ಬರಿ ಎಣ್ಣೆ ತಿಂದಿಲ್ವಾ ಅಂತ ಅಕ್ಕ ಕೇಳ್ತಾಳೆ, ತಿಂದಿದಾರೆ, ಆದ್ರೆ ಆಗ ಬೇಕರಿ, ಚಿಪ್ಸು, ದಿನಾ ಹೋಟ್ಲು ಇರ್ಲಿಲ್ಲ, ನಡಿಗೆನೂ ಇತ್ತು. ಒಂದೇ ಎಣ್ಣೆಗೆ ಅಂಟ್ಕೊಳ್ಳೋ ಬದ್ಲು ನಾವು ಒಂದು ತಿಂಗಳು ಕಡಲೆಕಾಯಿ, ಒಂದು ತಿಂಗಳು ಸನ್‌ಫ್ಲವರ್ ತರ್ತೀವಿ, ಒಗ್ಗರಣೆಗೆ ಒಂಚೂರು ಕೊಬ್ಬರಿ ಎಣ್ಣೆ, ಮುದ್ದೆ ಮೇಲೆ ಅರ್ಧ ಚಮಚ ತುಪ್ಪ. ಗಾಣದ ಎಣ್ಣೆ ಪರಿಮಳ ಚೆನ್ನಾಗಿದೆ, ದುಡ್ಡಿದ್ರೆ ತಗೊಳ್ಳಿ, ಆದ್ರೆ ಗಾಣದ್ದು ಅಂತ ಎರಡು ಪಟ್ಟು ಸುರ್ಕೋಬೇಡಿ, ಚಮಚಕ್ಕೆ ಕ್ಯಾಲೊರಿ ಎರಡರಲ್ಲೂ ಒಂದೇ. ಹಬ್ಬಕ್ಕೆ ಕರಿದು ಉಳಿದ ಎಣ್ಣೇನ ಮತ್ತೆ ಮತ್ತೆ ಕಾಯಿಸಿ ಕರಿಯೋದು ಎಲ್ಲಕ್ಕಿಂತ ಕೆಟ್ಟದ್ದು, ಉಳಿದಿದ್ದನ್ನ ಒಂದೆರಡು ದಿನದಲ್ಲಿ ಒಗ್ಗರಣೆಗೆ ಮುಗಿಸಿಬಿಡಿ.

ಸಕ್ಕರೆ, ಬೆಲ್ಲ

ಮಂಡ್ಯದ ಬೆಲ್ಲ ನಂಗೆ ಪ್ರಾಣ. ಆದ್ರೂ ಹೇಳ್ತೀನಿ, ಶುಗರ್ ಇರೋರಿಗೆ ಬೆಲ್ಲನೂ ಸಕ್ಕರೆನೇ. ಬೆಲ್ಲದಲ್ಲಿ ಕಬ್ಬಿಣ ಸ್ವಲ್ಪ ಇರುತ್ತೆ ನಿಜ, ಅದಕ್ಕೋಸ್ಕರ ತಿನ್ನೋ ಬೆಲ್ಲದ ಜೊತೆ ಬರೋ ಸಕ್ಕರೆ ಅಂಶ ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ. ಶುಗರ್ ಇಲ್ಲದವ್ರು ತಗೊಳ್ಳೋದಾದ್ರೆ ಹಳದಿಗೆ ಹೊಳೆಯೋ ಅಚ್ಚು ಬೇಡ, ಬಣ್ಣ ಬರ್ಲಿ ಅಂತ ಹೈಡ್ರೋಸ್ ಅನ್ನೋ ರಾಸಾಯನಿಕ ಹಾಕಿರ್ತಾರೆ, ಕಪ್ಪಗಿರೋದೇ ವಾಸಿ. ದಿನಕ್ಕೆ ಎಲ್ಲಾ ಸೇರಿ ಸಕ್ಕರೆ 25 ಗ್ರಾಂ ಒಳಗೆ ಇರ್ಲಿ ಅಂತಾರೆ, ಎರಡೆರಡು ಚಮಚ ಹಾಕಿ ಮೂರು ಸಲ ಕಾಫಿ ಕುಡಿದ್ರೆ ಅದು ಅಲ್ಲೇ ಮುಗೀತು. 250 ಎಂಎಲ್ ಕೋಲಾ ಒಂದು ಕುಡಿದ್ರೂ ಮುಗೀತು. ಸಕ್ಕರೆ ಬದಲಿನ ಮಾತ್ರೆಗಳನ್ನ ತೂಕ ಇಳಿಸೋಕೆ ಅಂತ ಬಳಸ್ಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಅಪ್ಪ ಮೂರು ವಾರಕ್ಕೆ ಅರ್ಧ ಚಮಚದಂತೆ ಇಳಿಸ್ತಾ ಬಂದು ಈಗ ಸಕ್ಕರೆ ಇಲ್ಲದ ಕಾಫಿಗೆ ಒಗ್ಗಿದಾರೆ, ಡಿಕಾಕ್ಷನ್ ಸ್ವಲ್ಪ ಸ್ಟ್ರಾಂಗ್ ಬೇಕು ಅಂತಾರೆ ಅಷ್ಟೇ. ಹಣ್ಣನ್ನ ಹಣ್ಣಾಗೇ ತಿನ್ನಿ, ಜ್ಯೂಸ್ ಬೇಡ.

ಪ್ಯಾಕೆಟ್ಟಿನ ಊಟ

ಅಮೆರಿಕದ ಸರ್ಕಾರಿ ಸಂಶೋಧನಾ ಸಂಸ್ಥೇಲಿ 2019ರಲ್ಲಿ 20 ಜನರನ್ನ ಇಟ್ಕೊಂಡು ಒಂದು ಪ್ರಯೋಗ ಮಾಡಿದ್ರು, ಎರಡು ವಾರ ಪ್ಯಾಕೆಟ್ ಥರದ ಕಾರ್ಖಾನೆ ಊಟ, ಎರಡು ವಾರ ಮಾಮೂಲಿ ಅಡುಗೆ, ಎಷ್ಟು ಬೇಕೋ ಅಷ್ಟು ತಿನ್ನಿ ಅಂತ. ಸಕ್ಕರೆ, ಕೊಬ್ಬು, ನಾರು ಎರಡರಲ್ಲೂ ಒಂದೇ ಸಮ ಇಟ್ಟಿದ್ರು. ಆದ್ರೂ ಪ್ಯಾಕೆಟ್ ಊಟದ ದಿನಗಳಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದ್ರು, ಎರಡೇ ವಾರದಲ್ಲಿ ಒಂದು ಕೆಜಿ ಹತ್ರ ತೂಕ ಏರ್ತು. ಇದನ್ನ ಓದಿದ್ಮೇಲೆ ನಾನು ರಾಗಿ ಬಿಸ್ಕತ್ತು, ಮಿಲೆಟ್ ನೂಡಲ್ಸ್, ಮಲ್ಟಿಗ್ರೇನ್ ಬ್ರೆಡ್ ತರೋದು ನಿಲ್ಲಿಸ್ದೆ. ಪ್ಯಾಕೆಟ್ ತಿರುಗಿಸಿ ನೋಡಿ, ಯಾವ್ದು ಜಾಸ್ತಿ ಇದೆಯೋ ಅದನ್ನೇ ಮೊದಲು ಬರ್ದಿರ್ತಾರೆ. ಮುಂದೆ ದೊಡ್ಡದಾಗಿ ರಾಗಿ ಅಂತ ಇದ್ದ ಬಿಸ್ಕತ್ತಿನ ಹಿಂದೆ ಮೊದಲು ಮೈದಾ, ಆಮೇಲೆ ಸಕ್ಕರೆ, ಆಮೇಲೆ ಪಾಮ್ ಎಣ್ಣೆ, ರಾಗಿ ನಾಲ್ಕನೇ ಸಾಲಲ್ಲಿ ಇತ್ತು.

ಮಕ್ಕಳಿಗೆ ಹಾಲಿಗೆ ಹಾಕೋ ಡಬ್ಬಿ ಪುಡಿನೂ ಹಿಂಗೇ, 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರಾನೇ ಆನ್‌ಲೈನ್ ಅಂಗಡಿಗಳಿಗೆ ಇವನ್ನ ಹೆಲ್ತ್ ಡ್ರಿಂಕ್ ಪಟ್ಟಿಯಿಂದ ತೆಗೀರಿ ಅಂತು. ನಮ್ಮ ಮಗಳು ಮೊದಮೊದಲು ಬರೀ ಹಾಲು ಕುಡಿಯೋಕೆ ಅತ್ಲು. ಅಮ್ಮ ಎರಡು ಖರ್ಜೂರ ಬಿಡಿಸಿ ಹಾಲಲ್ಲಿ ನೆನೆಸಿ, ಒಂದು ಚಮಚ ಮೊಳಕೆ ರಾಗಿ ಹಿಟ್ಟು, ಏಲಕ್ಕಿ ಹಾಕಿ ಕಾಯಿಸಿ ಕೊಟ್ಲು. ಈಗ ಶನಿವಾರ ಅಜ್ಜಿ ಜೊತೆ ಕೂತು ರಾಗಿ ನೆನೆಸೋದು, ಬಟ್ಟೇಲಿ ಕಟ್ಟೋದು, ಮಾರನೇ ದಿನ ಬಿಚ್ಚಿ ಬಿಳಿ ಮೊಳಕೆ ಬಂದಿದೆಯಾ ಅಂತ ನೋಡೋದು ಅವಳದ್ದೇ ಕೆಲಸ.